ಪಾಠವಿದೆ, ಫೋನೂ ಇದೆ, ಹೊತ್ತೆಲ್ಲಿದೆ?

ಈ ಅಂಕಣಕ್ಕೆ ಪೊಲೀಸರ ಕುರಿತು ಬರುವ ಪತ್ರಗಳು ಸಾಮಾನ್ಯವಾಗಿ ಸಿಟ್ಟಿನವು. ದೂರು ಬರೆದುಕೊಳ್ಳಲಿಲ್ಲ, ನಾಳೆ ಬಾ ಅಂದರು, ಸಹಿ ಹಾಕಿಸಿಕೊಂಡು ಪ್ರತಿ ಕೊಡಲಿಲ್ಲ, ಹೀಗೆ. ಈಚೆಗೆ ಬೇರೆ ಬಗೆಯವೂ ಬರುತ್ತಿವೆ. ಬರೆಯುವವರು ಪೊಲೀಸರ ಮನೆಯವರು. "ನಮ್ಮ ಯಜಮಾನರು ರಾತ್ರಿ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಅದೇನೋ ಟ್ರೇನಿಂಗ್ ಹಾಕಿಕೊಂಡಿರುತ್ತಾರೆ. ಅದರಿಂದ ನಿಜವಾಗಿ ಏನಾದರೂ ತಲೆಗೆ ಹೋಗುತ್ತದೆಯೇ?" ಎಂದು ಒಬ್ಬ ಗೃಹಿಣಿ ಕೇಳಿದ್ದಾರೆ. ನಿವೃತ್ತ ಮೇಷ್ಟ್ರೊಬ್ಬರು ಇನ್ನೂ ಖಾರವಾಗಿ, "ಲಾಠಿ ಹಿಡಿಯುವುದನ್ನೂ ಯೂಟ್ಯೂಬಿನಲ್ಲೇ ಕಲಿಸುತ್ತಾರೋ?" ಎಂದಿದ್ದಾರೆ. ಇಬ್ಬರಿಗೂ ಒಟ್ಟಿಗೆ ಉತ್ತರ ಹೇಳಬೇಕಾದರೆ ನಿಮ್ಮನ್ನು ಕರ್ನಾಟಕದ ಗಡಿ ದಾಟಿಸಿ ಪುಣೆ ಜಿಲ್ಲೆಯ ದೌಂಡಿಗೆ ಕರೆದೊಯ್ಯಬೇಕು. ಪೊಲೀಸರಿಗೆ ದೂರದಿಂದಲೇ ಪಾಠ ಹೇಳುವ ಅಗತ್ಯ ಏಕೆ ಬಂತು ಎನ್ನುವುದು ಅಲ್ಲಿ ಅರ್ಥವಾಗುವಷ್ಟು ಸುಲಭವಾಗಿ ಬೆಂಗಳೂರಿನಲ್ಲಿ ಅರ್ಥವಾಗುವುದಿಲ್ಲ.

ಕಲಬುರಗಿ, ಸೊಲ್ಲಾಪುರದ ದಾರಿಯಲ್ಲಿ ಮುಂಬೈಗೆ ಹೋಗಿಬಂದವರಿಗೆಲ್ಲ ದೌಂಡ್ ಪರಿಚಿತ. ಪುಣೆಗೆ ಮುಂಚೆ ಸಿಗುವ ದೊಡ್ಡ ಜಂಕ್ಷನ್. ಮನ್ಮಾಡಿನ ಹಳಿಯೂ ಬಾರಾಮತಿಯ ಹಳಿಯೂ ಇಲ್ಲಿ ಬಂದು ಕೂಡುತ್ತವೆ. ದಿಲ್ಲಿಯ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಎಂಜಿನ್ ಒಂದು ತುದಿಯಿಂದ ಬಿಚ್ಚಿ ಇನ್ನೊಂದು ತುದಿಗೆ ಬರುವ ತನಕ ಇಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ವಡಾಪಾವ್ ತಿನ್ನುತ್ತ ನಿಂತ ಹಳಬರು ನಮ್ಮಲ್ಲಿ ಬಹಳ ಜನ. ಊರಿನ ಮಗ್ಗುಲಲ್ಲಿ ಹರಿಯುವ ಭೀಮೆಯೇ ಮುಂದೆ ಪಂಢರಪುರ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಬರುವವಳು. ಆದರೆ ಮಹಾರಾಷ್ಟ್ರದ ಪೊಲೀಸ್ ಮನೆಗಳಲ್ಲಿ ದೌಂಡ್ ಎಂದರೆ ರೈಲಿಗಿಂತ ಮೊದಲು ನೆನಪಾಗುವುದು ಎಸ್‌ಆರ್‌ಪಿಎಫ್. ನಮ್ಮ ಕೆಎಸ್‌ಆರ್‌ಪಿಯಂತೆ ಅದು ಅವರ ಮೀಸಲು ಪೊಲೀಸ್ ಪಡೆ. ಅದರ 5ನೇ ಮತ್ತು 7ನೇ ಗ್ರೂಪುಗಳ ಕೇಂದ್ರ ಸ್ಥಾನ ದೌಂಡ್. ಪಕ್ಕದ ನಾನವೀಜ್‌ನಲ್ಲಿ ಪೊಲೀಸ್ ತರಬೇತಿ ಕೇಂದ್ರವಿದೆ. ಕೊಪ್ಪಳದ ಮುನಿರಾಬಾದಿನಲ್ಲಿ ಕವಾಯತು ಮಾಡಿದ ನಮ್ಮ ಹುಡುಗರಿಗೆ ನಾನವೀಜ್ ಎಂಥ ಜಾಗವೆಂದು ಬಿಡಿಸಿ ಹೇಳಬೇಕಿಲ್ಲ.

ಮೀಸಲು ಪಡೆಯ ಜವಾನನ ವಿಚಿತ್ರವೆಂದರೆ ಅವನ ಹೆಸರು ದೌಂಡಿನ ಹಾಜರಿ ಪುಸ್ತಕದಲ್ಲಿರುತ್ತದೆ, ಹೆಂಡತಿ ಮಕ್ಕಳು ಅಲ್ಲಿನ ಕ್ವಾರ್ಟರ್ಸಿನಲ್ಲಿರುತ್ತಾರೆ, ಅವನು ಮಾತ್ರ ಅಲ್ಲಿರುವುದಿಲ್ಲ. ಆಷಾಢದಲ್ಲಿ ಪಂಢರಪುರದ ವಾರಿ, ಭಾದ್ರಪದದಲ್ಲಿ ಮುಂಬೈ ಪುಣೆಯ ಗಣಪತಿ, ನಡುವೆ ಎಲ್ಲೋ ಗಲಭೆ, ಎಲ್ಲೋ ಚುನಾವಣೆ, ಆಮೇಲೆ ಗಡಚಿರೋಲಿಯ ಕಾಡು. ಕಂಪನಿ ಹೊರಟಿತೆಂದರೆ ತಿಂಗಳುಗಟ್ಟಲೆ ಹೊರಗೇ. ಯಾವುದೋ ಶಾಲೆಯ ಕೋಣೆ, ಕಲ್ಯಾಣ ಮಂಟಪದ ಹಜಾರ ಅಥವಾ ಡೇರೆಯಲ್ಲಿ ವಾಸ. 2020ರ ಬೇಸಿಗೆಯಲ್ಲಿ ಮುಂಬೈ ಬಂದೋಬಸ್ತಿನಿಂದ ದೌಂಡಿಗೆ ಮರಳಿದ ಜವಾನರಲ್ಲಿ ಕೊರೊನಾ ಸೋಂಕು ಪತ್ತೆಯಾದಾಗ ಆ ಚಿಕ್ಕ ಊರು ನಡುಗಿತ್ತು. ಪಡೆಯ ಓಡಾಟ ಎಷ್ಟು ವಿಸ್ತಾರದ್ದು ಎನ್ನುವುದನ್ನು ಹೊರಗಿನವರು ಗಮನಿಸಿದ್ದು ಆಗ. ಇಂಥವನನ್ನು ಕರೆತಂದು ಎರಡು ವಾರ ಬೆಂಚಿನ ಮೇಲೆ ಕೂರಿಸಿ ಪಾಠ ಹೇಳುತ್ತೇವೆಂದರೆ ಯಾವ ಕಂಪನಿ ಕಮಾಂಡರ್ ಬಿಟ್ಟುಕೊಡುತ್ತಾನೆ? ತರಗತಿ ನಾನವೀಜ್‌ನಲ್ಲಿದ್ದರೆ ವಿದ್ಯಾರ್ಥಿ ಗಡಚಿರೋಲಿಯಲ್ಲಿ. ದೂರಶಿಕ್ಷಣ ಎಂಬುದು ಹುಟ್ಟಿದ್ದೇ ಇಂಥವರಿಗಾಗಿ.

ಕೆಲಸಕ್ಕೆ ಸೇರುವಾಗ ಒಮ್ಮೆ ಕಲಿಸಿ ಮೂವತ್ತು ವರ್ಷ ದುಡಿಸಿಕೊಳ್ಳುವುದು ಸಾಲದು ಎಂಬ ಮಾತೇನೂ ಹೊಸದಲ್ಲ. ಪ್ರೊ. ಎಂ.ಎಸ್. ಗೋರೆ ಅಧ್ಯಕ್ಷತೆಯಲ್ಲಿ 1971ರಲ್ಲಿ ಕೇಂದ್ರ ಸರ್ಕಾರ ಪೊಲೀಸ್ ತರಬೇತಿಯ ಸಮಿತಿಯನ್ನೇ ನೇಮಿಸಿತ್ತು. 1973ರಲ್ಲಿ ವರದಿ ಬಂತು. ಸೇವೆಯ ನಡುವೆ ಮತ್ತೆ ಮತ್ತೆ ಕಲಿಸಬೇಕು ಎಂಬ ಸಲಹೆ ಅದರಲ್ಲಿತ್ತು. ಅರ್ಧ ಶತಮಾನ ಕಳೆಯಿತು. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಪ್ರಕಟಿಸಿದ ಪೊಲೀಸ್ ಸ್ಥಿತಿಗತಿ ವರದಿ ತೆರೆದು ನೋಡಿ. 2012ರಿಂದ 2016ರವರೆಗಿನ ಐದು ವರ್ಷಗಳಲ್ಲಿ ಸೇವಾನಿರತ ತರಬೇತಿ ಸಿಕ್ಕಿದ್ದು ದೇಶದ ಪೊಲೀಸರಲ್ಲಿ ಸರಾಸರಿ ಶೇ. 6.4 ಜನಕ್ಕೆ. ಅದರಲ್ಲೂ ಹಿರಿಯ ಅಧಿಕಾರಿಗಳಿಗೆ ಸಿಕ್ಕಷ್ಟು ಕಾನ್‌ಸ್ಟೇಬಲ್‌ಗಳಿಗೆ ಸಿಕ್ಕಿಲ್ಲ. ಹೈದರಾಬಾದಿನ ಅಕಾಡೆಮಿಗೆ ಹೋಗಿಬರುವವರು ಐಪಿಎಸ್‌ನವರು, ಬೀದಿಯಲ್ಲಿ ನಿಮ್ಮ ನನ್ನ ಎದುರಿಗೆ ನಿಲ್ಲುವವರು ಪಿಸಿಗಳು.

ಒಮ್ಮೆ ಕಲಬುರಗಿಯಿಂದ ಹತ್ತಿದ ರೈಲಿನಲ್ಲಿ, ಅಕ್ಕಲಕೋಟೆ ತಾಲ್ಲೂಕಿನ ಒಬ್ಬ ಜವಾನರು ಎದುರಿನ ಸೀಟಿನಲ್ಲಿದ್ದರು. ರಜೆ ಮುಗಿಸಿ ದೌಂಡಿಗೆ ಹೊರಟವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಂದೋಬಸ್ತಿನಲ್ಲಿ ಹಿಂದಿ, ಕಾನೂನಿನ ಪುಸ್ತಕ ಇಂಗ್ಲಿಷಿನಲ್ಲಿ. ಮಹಾರಾಷ್ಟ್ರದಲ್ಲಿ ಮೀಸಲು ಪಡೆಯವರು ಇಂತಿಷ್ಟು ವರ್ಷ ಸೇವೆ ಮುಗಿಸಿದ ಮೇಲೆ ಜಿಲ್ಲಾ ಪೊಲೀಸಿಗೆ ಬದಲಿ ಕೇಳಬಹುದು. ಇವರು ಅದರ ನಿರೀಕ್ಷೆಯಲ್ಲಿದ್ದರು. "ಇಷ್ಟ್ ವರ್ಷ ಲಾಠಿ ಹಿಡ್ದು ನಿಂತೀವ್ರಿ ಸರ. ಠಾಣೆಕ್ಕ ಹೋದ್ರ ಪೆನ್ ಹಿಡೀಬೇಕು. ಪಂಚನಾಮಾ ಹೆಂಗ್ ಬರೀತಾರ ಅಂತ ಈಗಿಂದಾನ ಕಲೀಲಿಕ್ಹತ್ತೀನಿ," ಅಂದರು. ಫೋನಿನಲ್ಲಿ ಮರಾಠಿಯ ಒಂದು ವಿಡಿಯೋ ಪಾಠ ಅರ್ಧಕ್ಕೆ ನಿಂತಿತ್ತು. ಪಕ್ಕದಲ್ಲಿ ಶಾಲೆಯ ನೋಟುಬುಕ್, ಅದರಲ್ಲಿ ನೀಲಿ ಶಾಯಿಯಲ್ಲಿ ತಾವೇ ಬರೆದ ಮಾದರಿ ಪಂಚನಾಮೆ. ನಾನು ಓದಿ ನೋಡಿದೆ. ಜಾಗದ ನಾಲ್ಕು ದಿಕ್ಕಿನ ಗುರುತು, ಸಮಯ, ಪಂಚರ ಸಹಿಯ ಜಾಗ ಎಲ್ಲ ಸರಿಯಿತ್ತು. ವಸ್ತುವನ್ನು ಹೇಗೆ ಕಟ್ಟಿ ಸೀಲು ಮಾಡಿದರು ಎಂಬ ಸಾಲು ಮಾತ್ರ ಇರಲಿಲ್ಲ. ವಿಡಿಯೋದಲ್ಲಿ ಅದನ್ನು ಹೇಳಿದ್ದರಂತೆ. ಬರೆಯುವಾಗ ಬಿಟ್ಟುಹೋಗಿತ್ತು. ಹಾಗೆ ಬಿಟ್ಟಿದೆ ಎಂದು ಹೇಳುವವರು ಅವರಿಗೆ ರೈಲಿನಲ್ಲಿ ಅಕಸ್ಮಾತ್ ಸಿಗಬೇಕಾಯಿತು. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು, ಕಲಿಯಬೇಕಾದ್ದು ಇದ್ದಕ್ಕಿದ್ದಂತೆ ಇಷ್ಟೊಂದು ಏಕೆ ಬೆಳೆಯಿತು ನೋಡೋಣ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. 1860ರಿಂದ ನಡೆದುಬಂದ ಐಪಿಸಿಯ 511 ಕಲಮುಗಳ ಜಾಗದಲ್ಲಿ 358 ಕಲಮುಗಳು. ಸಿನಿಮಾ ನೋಡಿದವರಿಗೂ ಬಾಯಿಪಾಠವಾಗಿದ್ದ 302 ಈಗ 103 ಆಯಿತು. ಬೈಗುಳವೇ ಆಗಿಹೋಗಿದ್ದ 420 ಈಗ 318ರೊಳಗೆ ಅಡಗಿತು. ಇಪ್ಪತ್ತೈದು ವರ್ಷ ಸೇವೆಯಾದ ರೈಟರ್‌ಗೆ ತಲೆಯೊಳಗಿನ ಅಷ್ಟೂ ಸಂಖ್ಯೆಗಳನ್ನು ಒಂದೇ ರಾತ್ರಿಯಲ್ಲಿ ಬದಲಿಸಿಕೊ ಎಂದಂತಾಯಿತು. ಇಲ್ಲಿ ಫೋನು ನಿಜಕ್ಕೂ ಕೈ ಹಿಡಿಯಿತು. ಕರ್ನಾಟಕ ಪೊಲೀಸರು 'ಸಂಚಯ' ಎಂಬ ಆ್ಯಪ್ ತಂದರು, ಕೇಂದ್ರದ ಎನ್‌ಸಿಆರ್‌ಬಿ 'ಸಂಕಲನ'ವನ್ನು ಕೊಟ್ಟಿತು. ಹಳೆಯ ಕಲಮಿನ ಎದುರು ಹೊಸ ಕಲಮು. ಅಂಥದ್ದನ್ನು ಬಾಯಿಪಾಠ ಮಾಡಿಸಲು ಯಾರನ್ನೂ ತರಬೇತಿ ಶಾಲೆಗೆ ಕರೆಸುವ ಅಗತ್ಯವಿಲ್ಲ. ಜೇಬಿನಲ್ಲಿದ್ದರೆ ಸಾಕು.

ಆದರೆ ಕಲಮಿನ ಸಂಖ್ಯೆ ಬದಲಾದದ್ದು ಈ ಕಾನೂನುಗಳಲ್ಲಿ ಸಣ್ಣ ವಿಷಯ. ಕೆಲಸದ ರೀತಿಯೇ ಬದಲಾಗಿದೆ. ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧನೆ, ಜಪ್ತಿ ಎಲ್ಲವನ್ನೂ ಧ್ವನಿ ಸಹಿತ ವಿಡಿಯೋ ಮಾಡಬೇಕು, ಮೊಬೈಲಿನಲ್ಲಾದರೂ ಸರಿ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವಿದೆ. ಬೇರೆ ಠಾಣೆಯ ಸರಹದ್ದಿನ ಅಪರಾಧವಾದರೂ ದೂರು ಬರೆದುಕೊಳ್ಳಲೇಬೇಕು. ಫೋನು, ಕಂಪ್ಯೂಟರಿನಿಂದ ತೆಗೆದ ಪುರಾವೆಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಒಂದು ಫೈಲಿನಿಂದ ಲೆಕ್ಕ ಹಾಕಿ ತೆಗೆದ ಉದ್ದನೆಯ ಅಕ್ಷರ ಅಂಕಿಗಳ ಸಾಲು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಹಾಗಾಗಿ ನ್ಯಾಯಾಲಯಕ್ಕೆ ಬಂದ ವಿಡಿಯೋ ಮೊದಲು ತೆಗೆದದ್ದೇ ಹೌದೋ ಅಲ್ಲವೋ ಎಂದು ಗೊತ್ತಾಗುತ್ತದೆ. ಇದನ್ನು ಹತ್ತು ನಿಮಿಷದಲ್ಲಿ ಹೇಳಬಹುದು. ಒಮ್ಮೆಯೂ ಮಾಡಿ ನೋಡದವನಿಗೆ ಹತ್ತು ಗಂಟೆ ಹೇಳಿದರೂ ಬರುವುದಿಲ್ಲ.

ಇನ್ನೊಂದು ತೊಡಕು, ಕಾನೂನು ಪುಸ್ತಕವಾಗಿ ಬಂದ ಮೇಲೂ ಸುಮ್ಮನೆ ಕೂರುವುದಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ವಿಚಾರಣೆಗೆ ಹಾಜರಾಗು ಎಂದು ಕೊಡುವ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತಿಲ್ಲ, ಕಾನೂನಿನಲ್ಲಿ ಹೇಳಿದ ಹಾಗೆಯೇ ತಲುಪಿಸಬೇಕು ಎಂದಿತು. ಅಲ್ಲಿಯವರೆಗೆ ಎಷ್ಟೋ ಠಾಣೆಗಳಲ್ಲಿ ವಾಟ್ಸ್ಆ್ಯಪ್ ನೋಟಿಸೇ ರೂಢಿಯಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ, ಮುಂಬೈನ ವರ್ಳಿಯ ಕಾರು ಅಪಘಾತದಿಂದ ಹುಟ್ಟಿದ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಬಂಧನಕ್ಕೆ ಕಾರಣವೇನೆಂದು ಬಂಧಿತನಿಗೆ ಬರಹದಲ್ಲಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂಬ ತೀರ್ಪು ಬಂತು. ತಕ್ಷಣ ಸಾಧ್ಯವಾಗದಿದ್ದರೂ ರಿಮ್ಯಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಅದು ಅವನ ಕೈ ಸೇರಬೇಕು.

ಈ ತೀರ್ಪನ್ನು ದೌಂಡಿನಂಥ ಜಂಕ್ಷನ್ನಿನಲ್ಲಿ ಇಟ್ಟು ನೋಡಿ. ರಾತ್ರಿ ಎರಡು ಗಂಟೆಗೆ ಬೆಂಗಳೂರು ಕಡೆಯ ರೈಲಿನಿಂದ ರೈಲ್ವೆ ಪೊಲೀಸರು ಒಬ್ಬನನ್ನು ಇಳಿಸಿಕೊಂಡರು ಎನ್ನಿ. ಅವನು ಅಫಜಲಪುರದವನು, ಮರಾಠಿ ಓದಲು ಬಾರದು. ಬಂಧನದ ಕಾರಣ ಕನ್ನಡದಲ್ಲಿ ಬರೆದುಕೊಡಬೇಕು. ಬೆಳಗಾದರೆ ಕೋರ್ಟು. ಇದೇ ಪ್ರಶ್ನೆ ತಿರುಗಿ ವಿಜಯಪುರ, ಬೆಳಗಾವಿ, ಬೀದರಿನ ಠಾಣೆಗಳಿಗೂ ಬರುತ್ತದೆ, ಅಲ್ಲಿ ಮರಾಠಿ ಬೇಕಾಗುತ್ತದೆ. ವರ್ಷಕ್ಕೊಮ್ಮೆ ನಡೆಯುವ ಪುನಶ್ಚೇತನ ತರಗತಿಯನ್ನು ಕಾಯುತ್ತ ಕೂತರೆ ಈ ತೀರ್ಪು ಎಎಸ್‌ಐ ಕಿವಿಗೆ ಬೀಳುವಷ್ಟರಲ್ಲಿ ನಾಲ್ಕು ಜನ ಆರೋಪಿಗಳು ಇದೊಂದೇ ಕಾರಣಕ್ಕೆ ಹೊರಗೆ ಬಂದಿರುತ್ತಾರೆ. ತೀರ್ಪು ಬಂದ ವಾರವೇ ಐದು ನಿಮಿಷದ ವಿಡಿಯೋ, ಜೊತೆಗೆ ತುಂಬಿಸಲು ಸಿದ್ಧವಾದ ಕನ್ನಡ ಮರಾಠಿ ನಮೂನೆ ಪ್ರತಿ ಫೋನಿಗೂ ತಲುಪಿದರೆ? ಮೊಬೈಲ್ ಪಾಠವನ್ನು ಗೇಲಿ ಮಾಡುವವರು ಈ ಒಂದು ಸಂಗತಿಯನ್ನು ಯೋಚಿಸಬೇಕು. ಸೊಲ್ಲಾಪುರದಲ್ಲಿ ಪೊಲೀಸ್ ತರಬೇತಿ ಕೇಂದ್ರವಿದೆ, ಕಲಬುರಗಿಯ ನಾಗನಹಳ್ಳಿಯಲ್ಲಿ ತರಬೇತಿ ಕಾಲೇಜಿದೆ. ಎರಡರ ನಡುವೆ ಬೆಳಗ್ಗೆ ಹೋಗಿ ಸಂಜೆ ಬರುವಷ್ಟು ದೂರ. ಗಡಿ ತಂಟೆಯ ಮಾತು ಬಂದಾಗಲೆಲ್ಲ ಎರಡೂ ರಾಜ್ಯಗಳ ಪೊಲೀಸರು ಗಡಿಯಲ್ಲಿ ಬಸ್ಸು ನಿಲ್ಲಿಸಲು ಸೇರುತ್ತಾರೆ. ಎರಡು ಭಾಷೆಯ ನಮೂನೆ ಮಾಡಲೂ ಸೇರಬಹುದಲ್ಲ.

ಈಗ ಮೇಷ್ಟ್ರ ಲಾಠಿಯ ಪ್ರಶ್ನೆ. ಫೋನಿನಲ್ಲಿ ಬಾರದೆ ಇರುವುದು ಬಹಳ ಇದೆ, ಅದನ್ನು ಒಪ್ಪಿಕೊಳ್ಳಲೇಬೇಕು. ದೌಂಡ್ ತಾಲ್ಲೂಕಿನಲ್ಲೇ ಕುರಕುಂಭ ಕೈಗಾರಿಕಾ ವಸಾಹತು ಇದೆ, ರಾಸಾಯನಿಕ ಕಾರ್ಖಾನೆಗಳ ಸಾಲು. 2024ರ ಫೆಬ್ರವರಿಯಲ್ಲಿ ಪುಣೆ ಪೊಲೀಸರು ಅಲ್ಲಿನ ಒಂದು ಘಟಕದ ಮೇಲೆ ದಾಳಿ ಮಾಡಿ ನೂರಾರು ಕಿಲೋ ಮೆಫೆಡ್ರೋನ್ ಹಿಡಿದರು. ದೇಶವೇ ತಿರುಗಿ ನೋಡಿದ ಪ್ರಕರಣ. ಮಾದಕ ವಸ್ತುಗಳ ಕಾಯ್ದೆಯಷ್ಟು ಕ್ರಮದ ಕಟ್ಟುನಿಟ್ಟು ಇರುವ ಕಾನೂನು ನಮ್ಮಲ್ಲಿ ಕಡಿಮೆ. ಮೈಮೇಲಿನ ಶೋಧನೆ ಮಾಡುವ ಮುಂಚೆ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿಸಿಕೊಳ್ಳುವ ಹಕ್ಕು ನಿನಗಿದೆ ಎಂದು ಆರೋಪಿಗೆ ಹೇಳಬೇಕು. ಹಿಡಿದ ಮಾಲಿನ ಮಾದರಿಯನ್ನು 2022ರ ಡಿಸೆಂಬರಿನ ನಿಯಮಗಳ ಪ್ರಕಾರ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ತೆಗೆಯಬೇಕು. ಸೀಲು, ಚೀಟಿ, ತೂಕ, ಮಾಲುಖಾನೆಯ ದಾಖಲೆ ಒಂದಕ್ಕೊಂದು ತಾಳೆಯಾಗಬೇಕು. ಕೋಟಿಗಟ್ಟಲೆ ಬೆಲೆಯ ಮಾಲು ಸಿಕ್ಕಿಯೂ ಇಂಥ ಒಂದು ಎಡವಟ್ಟಿನಿಂದ ಆರೋಪಿ ಖುಲಾಸೆಯಾಗುವುದು ಈ ಕಾಯ್ದೆಯಲ್ಲಿ ಮಾಮೂಲು. ಜೊತೆಗೆ ರಾಸಾಯನಿಕ ಕಾರ್ಖಾನೆಯೊಳಗೆ ಯಾವ ಡ್ರಮ್ಮಿನ ಮುಚ್ಚಳ ತೆಗೆಯಬಾರದು, ಮುಖಕ್ಕೆ ಏನು ಕಟ್ಟಿಕೊಳ್ಳಬೇಕು, ಯಾರನ್ನು ಕರೆಸುವವರೆಗೆ ಬಾಗಿಲಲ್ಲೇ ನಿಲ್ಲಬೇಕು ಎಂಬುದೂ ಗೊತ್ತಿರಬೇಕು. ನಿಯಮವನ್ನು ಪರದೆಯ ಮೇಲೆ ಓದಬಹುದು. ಅರಗು ಕರಗಿಸಿ ಸೀಲು ಹಾಕುವುದನ್ನು ಕೈಯೇ ಕಲಿಯಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ಒಳ್ಳೆಯ ವಿಂಗಡಣೆ ಇದೆ. ಅಲ್ಲಿ ಪೊಲೀಸ್ ತರಬೇತಿಯ ಗುಣಮಟ್ಟ ನೋಡಿಕೊಳ್ಳಲು 1959ರಿಂದಲೇ ಒಂದು ಆಯೋಗವಿದೆ. ಪ್ರತಿ ಎರಡು ವರ್ಷಕ್ಕೆ ಕನಿಷ್ಠ 24 ಗಂಟೆ ಮುಂದುವರಿದ ತರಬೇತಿ ಕಡ್ಡಾಯ. ಅದರಲ್ಲಿ ಒಂದು ಪಾಲನ್ನು, ಅಭ್ಯಾಸ ತಪ್ಪಿದರೆ ಮಾಸಿಹೋಗುವ ಕೌಶಲಗಳಿಗೆಂದೇ ಬೇರೆಯಾಗಿ ತೆಗೆದಿಟ್ಟಿದ್ದಾರೆ. ಬಂಧಿಸುವಾಗ ಒಬ್ಬನನ್ನು ನೋಯಿಸದೆ ಹಿಡಿಯುವುದು, ವಾಹನ ಓಡಿಸುವುದು, ಗುಂಡು ಹಾರಿಸುವುದು, ಜೊತೆಗೆ ಮಾತಾಡುವುದು. ಹೌದು, ಜನರೊಂದಿಗೆ ಮಾತಾಡುವುದನ್ನೂ ಗುಂಡು ಹಾರಿಸುವುದರ ಪಕ್ಕದಲ್ಲೇ ಇಟ್ಟಿದ್ದಾರೆ. ಅಮೆರಿಕದ ಪೊಲೀಸರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಟಿವಿಯಲ್ಲಿ ನೋಡಿದವರಿಗೆ ಅಲ್ಲಿನ ಎಲ್ಲವನ್ನೂ ನಕಲು ಮಾಡುವ ಹುಮ್ಮಸ್ಸು ಬರಲಾರದು, ನನಗೂ ಇಲ್ಲ. ಈ ವಿಂಗಡಣೆ ಮಾತ್ರ ಸರಿಯಾಗಿದೆ. ಗುಂಪಿನ ಮುಂದೆ ನಿಂತು ಬಾಯಿಗೆ ಬಂದ ಬೈಗುಳ ಕೇಳಿಯೂ ಲಾಠಿಯನ್ನು ಕೆಳಗೇ ಹಿಡಿದುಕೊಂಡಿರುವುದು ಕವಾಯತು ಮೈದಾನದ ಪಾಠ. ಅದನ್ನು ಕಲಿಸಲು ನಾನವೀಜ್, ಮುನಿರಾಬಾದ್, ಖಾನಾಪುರ, ಚನ್ನಪಟ್ಟಣಗಳ ಮೈದಾನಗಳು ಬೇಕೇ ಬೇಕು.

ಹಾಗಾದರೆ ಆ ಗೃಹಿಣಿ ಕೇಳಿದ ಪ್ರಶ್ನೆ, ತಲೆಗೆ ಹೋಗುತ್ತದೆಯೇ ಎಂಬುದು? ಇದಕ್ಕೆ ಉತ್ತರ ಅಷ್ಟು ಹಿತವಾಗಿಲ್ಲ. ಕೇಂದ್ರ ಸಚಿವ ಸಂಪುಟ 2020ರ ಸೆಪ್ಟೆಂಬರಿನಲ್ಲಿ ಮಿಷನ್ ಕರ್ಮಯೋಗಿ ಯೋಜನೆಯನ್ನು ಒಪ್ಪಿತು. ಐಗಾಟ್ ಕರ್ಮಯೋಗಿ ಎಂಬ ಜಾಲತಾಣ ಅದರದ್ದು. ಸೈಬರ್ ಅಪರಾಧಕ್ಕೆ ಸೈಟ್ರೈನ್ ಎಂಬ ಪ್ರತ್ಯೇಕ ತಾಣವಿದೆ. 2024ರ ಅಕ್ಟೋಬರಿನ ಕರ್ಮಯೋಗಿ ಸಪ್ತಾಹದಲ್ಲಿ ಪ್ರತಿ ನೌಕರ ಕನಿಷ್ಠ ನಾಲ್ಕು ಗಂಟೆ ಕಲಿಯಬೇಕು ಎಂಬ ಗುರಿ ಇಟ್ಟಿದ್ದರು. ಪಾಠ ಮುಗಿಸಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಪ್ರಮಾಣಪತ್ರ. ಎಷ್ಟು ಪ್ರಮಾಣಪತ್ರ ಬಂದವು ಎಂಬ ಲೆಕ್ಕ ಮೇಲಿನವರಿಗೆ ತಕ್ಷಣ ಸಿಗುತ್ತದೆ. ಇಂಥ ಲೆಕ್ಕ ಸಿಗುವ ಕಡೆಯಲ್ಲೆಲ್ಲ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ನಮ್ಮ ಕಡೆಯ ಒಂದು ಜಿಲ್ಲೆಯಲ್ಲಿ ಪರಿಚಯದ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಪಕ್ಕ ಕೂತಿದ್ದೆ. ಅವರ ಫೋನು ಮೇಜಿನ ಮೇಲೆ ಮಗುಚಿಕೊಂಡು ತನ್ನಷ್ಟಕ್ಕೆ ತಾನು ಪಾಠ ಹೇಳಿಕೊಳ್ಳುತ್ತಿತ್ತು. ಅವರು ಕೈಯಲ್ಲಿ ಸಮನ್ಸ್ ಪಟ್ಟಿ ಬರೆಯುತ್ತಿದ್ದರು. "ವಿಡಿಯೋ ಪೂರ್ತಿ ಓಡಬೇಕು ಸರ್, ಇಲ್ಲಾಂದ್ರೆ ಮುಂದಕ್ಕೆ ಹೋಗಲ್ಲ. ಓಡ್ಲಿ ಬಿಡಿ," ಅಂದರು. ಉತ್ತರಗಳು ಗ್ರೂಪಿನಲ್ಲಿ ಬರುತ್ತವಂತೆ. ಇನ್ನೊಬ್ಬರ ಪರೀಕ್ಷೆಯನ್ನು ಪಿಯುಸಿ ಓದುವ ಮಗಳು ಬರೆದು ನೂರಕ್ಕೆ ನೂರು ತೆಗೆದಿದ್ದಾಳೆ. ಆ ಹುಡುಗಿಗೆ ಈಗ ಮಹಜರಿನ ನಿಯಮಗಳು ಚೆನ್ನಾಗಿ ಗೊತ್ತು.

ನಗಬಹುದು, ಆದರೆ ಅವರನ್ನು ಸೋಮಾರಿಗಳೆಂದು ನಾನು ಕರೆಯಲಾರೆ. ಬೆಳಗ್ಗೆ ಎಂಟಕ್ಕೆ ಬಂದು ರಾತ್ರಿ ಎಂಟಾದರೂ ಮನೆಗೆ ಹೋಗದವರು ಅವರು. ವಾರದ ರಜೆಗೂ ಸಾಹೇಬರ ಮುಖ ನೋಡಬೇಕು. ಪಾಠ ಕೇಳಲು ಅವರಿಗೆ ಕೊಟ್ಟಿರುವ ಸಮಯ ಯಾವುದು? ಆದೇಶದಲ್ಲಿ ಮುಗಿಸಬೇಕಾದ ಕೊನೆಯ ದಿನ ಇರುತ್ತದೆ, ಕೂತು ಕಲಿಯುವ ಗಂಟೆ ಇರುವುದಿಲ್ಲ. ದಿನಚರಿಯಲ್ಲಿ ಗಸ್ತು ಇದೆ, ಕೋರ್ಟ್ ಡ್ಯೂಟಿ ಇದೆ, ಸೆಂಟ್ರಿ ಇದೆ, ಕಲಿಕೆ ಎಂಬ ಕಾಲಂ ಇಲ್ಲ. ಅದಿಲ್ಲದ್ದರಿಂದ ಪಾಠ ನಿದ್ದೆಯಿಂದ, ಊಟದಿಂದ, ಮಕ್ಕಳ ಜೊತೆಗಿನ ಹೊತ್ತಿನಿಂದ ಕಡಿತವಾಗುತ್ತದೆ. ಹಾಗೆ ಕದ್ದ ಹೊತ್ತಿನಲ್ಲಿ ಯಾರು ತಾನೆ ಕಲಿತಾರು? ಒಳ್ಳೆಯ ಕೋರ್ಸು ಮಾಡಿದವರು, ವೇಗದ ಇಂಟರ್ನೆಟ್ ಕೊಟ್ಟವರು, ಎಲ್ಲರೂ ತಮ್ಮ ಪಾಲಿನದನ್ನು ಮಾಡಿದ ಮೇಲೂ ಈ ಒಂದು ಕಾಲಂ ಖಾಲಿ ಇರುವವರೆಗೆ ದೂರಶಿಕ್ಷಣ ಬರೀ ಗುಂಡಿ ಒತ್ತುವ ಆಟವಾಗಿಯೇ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮತ್ತೊಂದು ಕೊರತೆ, ತಿದ್ದುವವರದ್ದು. ಅಕ್ಕಲಕೋಟೆಯ ಆ ಜವಾನರ ನೋಟುಬುಕ್ಕಿನ ವಿಷಯ ಹೇಳಿದೆನಲ್ಲ. ಈಗಿನ ಬಹುತೇಕ ಕೋರ್ಸುಗಳು ಹೇಳುತ್ತವೆ, ಕೇಳಿಸಿಕೊಳ್ಳುವುದಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವುದಕ್ಕೂ ಖಾಲಿ ಹಾಳೆಯಲ್ಲಿ ಪಂಚನಾಮೆ ಬರೆಯುವುದಕ್ಕೂ ಅಜಗಜಾಂತರ. ಜವಾನ ತನ್ನ ಡೇರೆಯಲ್ಲಿ ಕೂತು ಬರೆದ ಮಾದರಿಯ ಫೋಟೊ ತೆಗೆದು ತರಬೇತಿ ಕೇಂದ್ರಕ್ಕೆ ಕಳಿಸಬೇಕು, ಅಲ್ಲಿ ಅನುಭವಿ ಇನ್‌ಸ್ಪೆಕ್ಟರ್ ಒಬ್ಬರು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಕು. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ನಿವೃತ್ತ ತನಿಖಾಧಿಕಾರಿಗಳು, ನಿವೃತ್ತ ಸರ್ಕಾರಿ ಅಭಿಯೋಜಕರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಸಂಜೆ ವಾಕಿಂಗ್ ಮುಗಿಸಿ ಕಟ್ಟೆಯ ಮೇಲೆ ಕೂತು ಈಗಿನ ಪೊಲೀಸರಿಗೆ ಒಂದು ಎಫ್‌ಐಆರ್ ಬರೆಯಲು ಬರುವುದಿಲ್ಲ ಎಂದು ಬೇಸರಪಟ್ಟುಕೊಳ್ಳುವವರೂ ಅವರೇ. ಅವರಿಗೆ ಗೌರವಧನ ಕೊಟ್ಟು ಈ ಕೆಲಸ ಹಚ್ಚಿದರೆ ಎರಡೂ ಕಡೆಯವರಿಗೆ ಒಳ್ಳೆಯದು. ಕೋರ್ಟಿನಲ್ಲಿ ಬಿದ್ದುಹೋದ ಪ್ರಕರಣಗಳ ತೀರ್ಪುಗಳನ್ನು ಇಟ್ಟುಕೊಂಡು, ಇದು ಎಲ್ಲಿ ಕೆಟ್ಟಿತು ಎಂದು ಹುಡುಕಿಸುವ ಪಾಠಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಖುಲಾಸೆಯ ತೀರ್ಪುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಫೋನಿನ ಪಾಠ, ಕೈಯಾರೆ ಮಾಡಿ ಕಲಿಯುವ ಪಾಠ ಎರಡನ್ನೂ ಸೇರಿಸಿ ಮಾಡುವುದು ಸಾಧ್ಯ ಎಂಬುದಕ್ಕೆ ಸೈಬರ್ ವಿಭಾಗವೇ ಸಾಕ್ಷಿ. ದೇಶದ ಮೊದಲ ಸೈಬರ್ ಠಾಣೆ ಬೆಂಗಳೂರಿನಲ್ಲಿ 2001ರಲ್ಲಿ ಶುರುವಾಯಿತು. ಈಗ ಇನ್ಫೋಸಿಸ್ ಫೌಂಡೇಶನ್ ನೆರವಿನ ಸೈಬರ್ ತನಿಖಾ ತರಬೇತಿ ಕೇಂದ್ರ ಸಿಐಡಿಯಲ್ಲಿದೆ. ಆನ್‌ಲೈನ್ ವಂಚನೆಯಲ್ಲಿ ದುಡ್ಡು ಹೋದವರು 1930ಕ್ಕೆ ಎಷ್ಟು ಬೇಗ ಫೋನು ಮಾಡುತ್ತಾರೋ ಅಷ್ಟು ಹಣ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಹಳ್ಳಿಯವರು 1930ಕ್ಕೆ ಮಾಡುವ ಮುಂಚೆ ಹತ್ತಿರದ ಠಾಣೆಗೆ ಓಡುತ್ತಾರೆ. ಬಾಗಿಲಲ್ಲಿ ಸಿಗುವ ಪಿಸಿಗೆ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಎಂಬುದು ಗೊತ್ತಿದ್ದರೆ ಸಾಕು, ಉಳಿದದ್ದನ್ನು ತಜ್ಞರು ನೋಡಿಕೊಳ್ಳುತ್ತಾರೆ. ಆ ಹತ್ತು ನಿಮಿಷದ ಪಾಠ ಮೊಬೈಲಿನದು, ಆಮೇಲಿನ ತನಿಖೆ ಪ್ರಯೋಗಾಲಯದ್ದು. ಬೆಳಗಿನ ರೋಲ್ ಕಾಲ್ ಮುಗಿದ ಮೇಲೆ ಎಲ್ಲರೂ ನಿಂತಿರುವಾಗಲೇ ಇಂಥದ್ದೊಂದು ಪಾಠ ಹಾಕಿ, ಪಿಎಸ್‌ಐ ಎರಡು ಪ್ರಶ್ನೆ ಕೇಳಿ ಕಳಿಸುವುದು ಖರ್ಚಿಲ್ಲದ ಕೆಲಸ. ಕೆಲವು ಠಾಣೆಗಳಲ್ಲಿ ಉತ್ಸಾಹಿ ಅಧಿಕಾರಿಗಳು ಇದನ್ನು ಮಾಡುತ್ತಲೂ ಇದ್ದಾರೆ. ಅವರಿಗೆ ವರ್ಗವಾದ ಮರುದಿನ ಅದು ನಿಂತುಹೋಗುತ್ತದೆ, ಏಕೆಂದರೆ ಅದು ಅವರ ಹುರುಪಿನಿಂದ ನಡೆದದ್ದು, ನಿಯಮದಿಂದಲ್ಲ.

ಆದ್ದರಿಂದ ಬೆಂಗಳೂರು ಮತ್ತು ಮುಂಬೈಯ ಗೃಹ ಇಲಾಖೆಗಳಿಗೆ ನನ್ನ ಬೇಡಿಕೆ ಒಂದೇ. ಹೊಸ ಆ್ಯಪ್ ಬೇಡ, ಹೊಸ ಕೋರ್ಸೂ ಬೇಡ. ಪ್ರತಿ ಕಾನ್‌ಸ್ಟೇಬಲ್‌ಗೆ ತಿಂಗಳಿಗೆ ನಾಲ್ಕು ಗಂಟೆ ಕಲಿಕೆಯನ್ನು ಡ್ಯೂಟಿ ಪಟ್ಟಿಯಲ್ಲೇ ಬರೆಯಿರಿ, ಠಾಣೆಯಲ್ಲಿರಲಿ, ಬಂದೋಬಸ್ತಿನ ಡೇರೆಯಲ್ಲಿರಲಿ. ಆ ನಾಲ್ಕು ಗಂಟೆ ಅವರನ್ನು ಬೇರೆ ಕೆಲಸಕ್ಕೆ ಕರೆಯುವಂತಿಲ್ಲ ಎಂಬ ಸಾಲನ್ನೂ ಸೇರಿಸಿ. ಓದುಗರಿಗೂ ಒಂದು ಮಾತು. ನಿಮ್ಮ ಠಾಣೆಗೆ ಹೋದಾಗ ಪಿಸಿಯೊಬ್ಬರು ಮೂಲೆಯಲ್ಲಿ ಕೂತು ಫೋನು ನೋಡುತ್ತಿದ್ದರೆ ತಕ್ಷಣ ವಿಡಿಯೋ ಮಾಡಿ ಹಾಕಬೇಡಿ. ಏನು ನೋಡುತ್ತಿದ್ದಾರೆಂದು ಒಮ್ಮೆ ಕೇಳಿ.